ಹಬ್ಬದ ಕಾಣಿಕೆಯೂ ಹಳೆಯ ನಾಣ್ಯವೂ

ಹಳೆಯ ನಾಣ್ಯಗಳನ್ನು ಕೂಡಿಡುವ ಗೀಳು ಹತ್ತಿದವರು ನಾಲ್ವರು ಒಂದೆಡೆ ಕಲೆತರೆ, ಅದರಲ್ಲಿಯೂ ಹಬ್ಬ ಮುಗಿದ ಒಂದೆರಡು ದಿನಗಳಲ್ಲಿಯೇ ಕಲೆತರೆ, ಅಲ್ಲಿ ನಡೆಯುವ ಸಂಭಾಷಣೆಯ ಸ್ವಾರಸ್ಯ ಹೊರಗಿನವರಿಗೆ ಸುಲಭವಾಗಿ ಎಟುಕುವಂಥದಲ್ಲ. ಒಬ್ಬನು ಷಡ್ಡಕನಿಂದ ಕಾಣಿಕೆಯಾಗಿ ಬಂದ ವರಾಹವೊಂದನ್ನು ಜೇಬಿನಿಂದ ತೆಗೆದು, ಸುತ್ತಿದ ಕಾಗದವನ್ನು ಬೇಕೆಂದೇ ನಿಧಾನವಾಗಿ ಬಿಡಿಸುತ್ತಾನೆ. ಇನ್ನೊಬ್ಬನು ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು ಅದರ ಅಂಚನ್ನು ಪರೀಕ್ಷಿಸುತ್ತಾನೆ. ಮೂರನೆಯವನು ಎಷ್ಟಕ್ಕೆ ಬಂತೆಂದು ಕೇಳಹೊರಟು, ಕಾಣಿಕೆಯೆಂಬುದು ನೆನಪಾಗಿ ನಾಲಗೆ ಕಚ್ಚಿಕೊಳ್ಳುತ್ತಾನೆ. ಲೋಕದ ಸಮಸ್ತ ವಸ್ತುಗಳ ಬೆಲೆಯನ್ನು ನಿರ್ಣಯಿಸುವುದಕ್ಕಾಗಿಯೇ ಹುಟ್ಟಿದ ಪದಾರ್ಥವೊಂದು ತನ್ನ ಬೆಲೆಯನ್ನು ಯಾರೂ ಕೇಳಬಾರದಂಥ ಪದವಿಗೆ ಏರುವುದು ಹೇಗೆಂಬುದು ವಿಚಾರಿಸಿ ನೋಡತಕ್ಕ ಸಂಗತಿ. ಸಂಗ್ರಹದ ಹವ್ಯಾಸ ಸಂತೆಯಲ್ಲಿಯೂ ಚಿನಿವಾರರ ಕಟ್ಟೆಯಲ್ಲಿಯೂ ಹುಟ್ಟಿತೆಂದು ನಾವು ಭಾವಿಸುವುದುಂಟು. ಪ್ರಾಚೀನ ರೋಮಿನ ವೃತ್ತಾಂತಗಳನ್ನು ಓದಿದರೆ, ಅದು ಹಬ್ಬದ ಮನೆಯಲ್ಲಿ, ಕೊಡುಗೆಯ ತಟ್ಟೆಯಲ್ಲಿ ಹುಟ್ಟಿತೆಂದು ನನಗೆ ತೋರುತ್ತದೆ.

ರೋಮನರ ಹೊಸ ವರ್ಷ ಜನವರಿಯ ಮೊದಲ ದಿನದಂದು, ಎರಡು ಮುಖದ ದೇವತೆಯಾದ ಜಾನಸನ ಹೆಸರಿನ ತಿಂಗಳಲ್ಲಿ, ಆರಂಭವಾಗುತ್ತಿದ್ದಿತು. ಅಂದು ಬಂಧುಮಿತ್ರರು ಪರಸ್ಪರ ಖರ್ಜೂರ, ಒಣಗಿದ ಅಂಜೂರ, ಬಿಳಿಯ ಕುಡಿಕೆಯಲ್ಲಿ ತುಂಬಿದ ಜೇನು, ಇವುಗಳೊಡನೆ ಒಂದು ನಾಣ್ಯವನ್ನೂ ಕೊಡುತ್ತಿದ್ದರು. ನಾವು ಯುಗಾದಿಯಂದು ಬೇವನ್ನೂ ಬೆಲ್ಲವನ್ನೂ ಕೂಡಿಸಿ ತಿನ್ನುವಂತೆ ಅವರಿಗೆ ಕಹಿಯ ಸ್ಮರಣೆ ಬೇಕಾಗಿರಲಿಲ್ಲವೆಂದು ತೋರುತ್ತದೆ. ಸಿಹಿ ಮಾತ್ರವೇ ಸಾಕಾಗಿದ್ದಿತು, ಅದರ ಜೊತೆಗೆ ಒಂದಿಷ್ಟು ದುಡ್ಡು. ಕವಿ ಓವಿಡ್ ತನ್ನ 'ಫಾಸ್ಟಿ' ಕಾವ್ಯದಲ್ಲಿ ಈ ಆಚಾರದ ಕಾರಣವನ್ನು ಜಾನಸನ ಬಾಯಿಂದಲೇ ಹೇಳಿಸುತ್ತಾನೆ. ಹಿಂದೆ ತಾಮ್ರವನ್ನು ಕೊಡುತ್ತಿದ್ದರು, ಈಗ ಚಿನ್ನದಲ್ಲಿಯೇ ಹೆಚ್ಚಿನ ಶುಭಶಕುನವಿದೆಯೆಂದು ದೇವರೇ ನಗುತ್ತ ಒಪ್ಪಿಕೊಳ್ಳುವ ಆ ಸಂವಾದದಲ್ಲಿ ಕವಿಯ ಕುಚೋದ್ಯ ಎದ್ದು ಕಾಣುತ್ತದೆ.

ಕಾಣಿಕೆಗೆ ಎಲ್ಲಕ್ಕಿಂತ ಉಚಿತವಾದ ನಾಣ್ಯವೆಂದರೆ 'ಆಸ್' ಎಂಬ ಹಳೆಯ ಕಂಚಿನ ಬಿಲ್ಲೆ: ಒಂದು ಬದಿಯಲ್ಲಿ ಗಡ್ಡದ ಎರಡು ಮುಖಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂಡಿಸಿದ ಜಾನಸನ ಶಿರಸ್ಸು, ಇನ್ನೊಂದು ಬದಿಯಲ್ಲಿ ಹಡಗಿನ ಮೂತಿ. ಮಕ್ಕಳು ಇದನ್ನು ಮೇಲಕ್ಕೆ ಚಿಮ್ಮಿ 'ತಲೆಯೋ ಹಡಗೋ' ಎಂದು ಪಂಥ ಕಟ್ಟುತ್ತಿದ್ದರು. ಓವಿಡನ ಕಾಲಕ್ಕಾಗಲೇ ಟಂಕಸಾಲೆಯು ಈ ಬಗೆಯ ಆಸ್ ನಾಣ್ಯವನ್ನು ಅಚ್ಚೊತ್ತುವುದನ್ನು ನಿಲ್ಲಿಸಿ ಬಹುಕಾಲ ಕಳೆದಿದ್ದಿತು. ಉಳಿದುಕೊಂಡವು ಕೈಯಿಂದ ಕೈಗೆ ಉರುಳಿ ಸವೆದುಹೋದುವು. ಅವನ ಜಾನಸನೂ ಆ ನಾಣ್ಯದ ಮೇಲೆ ತನ್ನ ಗುರುತು ಹತ್ತುತ್ತಿದ್ದಿತು, ಆದರೆ ಕಾಲವು ಅದನ್ನು ಅಳಿಸಿದೆಯೆಂದೇ ಹೇಳುತ್ತಾನೆ. ಹೊಸ ವರ್ಷದ ಶುಭಾಶಯವನ್ನು ಕೊರೆದ ರೋಮನರ ಮಣ್ಣಿನ ಹಣತೆಗಳು ಇಂದಿಗೂ ದೊರೆತಿವೆ. ಅವುಗಳಲ್ಲಿ ರೆಕ್ಕೆಯುಳ್ಳ ವಿಜಯದೇವತೆಯು ಶುಭವಾಕ್ಯದ ಗುರಾಣಿಯನ್ನು ಹಿಡಿದು ನಿಂತಿರುತ್ತಾಳೆ, ಆಕೆಯ ಸುತ್ತಲೂ ಖರ್ಜೂರ, ಅಂಜೂರ, ಮತ್ತು ಈ ಜಾನಸನ ಬಿಲ್ಲೆ. ಚಲಾವಣೆಯಿಂದ ಹಿಂದೆ ಸರಿದ ನಾಣ್ಯವನ್ನು ಹಬ್ಬವು ಬೇಡುತ್ತಿದ್ದುದರಿಂದ, ಯಾರೋ ಅದನ್ನು ಖರ್ಚುಮಾಡದೆ ಪೆಟ್ಟಿಗೆಯ ಮೂಲೆಯಲ್ಲಿ ತೆಗೆದಿಡಬೇಕಾಗುತ್ತಿದ್ದಿತು. ಸಂಗ್ರಾಹಕನೆಂಬ ಪ್ರಾಣಿಯ ಬೀಜಾಂಕುರ ಅಲ್ಲಿಯೇ ಆಯಿತೆಂದು ನಾನು ಊಹಿಸುತ್ತೇನೆ.

ಈ ಹೊಸ ವರ್ಷದ ಕಾಣಿಕೆಯನ್ನು ಚಕ್ರವರ್ತಿಗಳು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಕಂಡರೆಂಬುದನ್ನು ಸ್ಯೂಟೋನಿಯಸನ ಚರಿತ್ರೆಗಳಿಂದ ತಿಳಿಯಬಹುದು. ಅಗಸ್ಟಸನು ಊರಿನಲ್ಲಿ ಇಲ್ಲದಿದ್ದಾಗಲೂ ಸಕಲ ವರ್ಗದ ಜನರು ಕ್ಯಾಪಿಟಲ್ ಬೆಟ್ಟದ ಮೇಲೆ ಅವನಿಗಾಗಿ ಕಾಣಿಕೆಯಿಡುತ್ತಿದ್ದರು. ಆ ಹಣದಲ್ಲಿ ಅವನು ಬೆಲೆಬಾಳುವ ದೇವತಾವಿಗ್ರಹಗಳನ್ನು ಕೊಂಡು ನಗರದ ಕೇರಿಕೇರಿಗಳಲ್ಲಿ ನಿಲ್ಲಿಸಿದನು. ಕೆರ ಮಾಡುವವರ ಬೀದಿಗೆ ಬಂದ ಅಪೋಲೋ ಅವುಗಳಲ್ಲೊಂದು. ಟೈಬೀರಿಯಸನು ಬಂದ ಕಾಣಿಕೆಯ ನಾಲ್ಮಡಿಯನ್ನು ತನ್ನ ಕೈಯಾರೆ ಹಿಂದಿರುಗಿಸುವ ಪದ್ಧತಿಯಿಟ್ಟುಕೊಂಡಿದ್ದನು. ಆದರೆ ಹಬ್ಬದ ದಿನ ದರ್ಶನ ಸಿಕ್ಕದವರು ತಿಂಗಳ ಪರ್ಯಂತ ಬಂದು ಪೀಡಿಸತೊಡಗಲು, ಬೇಸತ್ತು ಮೊದಲ ದಿನವೊಂದರ ಹೊರತು ಕಾಣಿಕೆಯೇ ಬೇಡವೆಂದು ಕಟ್ಟಪ್ಪಣೆ ಮಾಡಿದನು. ನಾಲ್ಮಡಿ ಲಾಭವುಳ್ಳ ಭಕ್ತಿಗೆ ಬರವುಂಟೆ! ಕ್ಯಾಲಿಗುಲನಾದರೋ, ಕಾಣಿಕೆಯನ್ನು ಸ್ವೀಕರಿಸುವೆನೆಂದು ತಾನೇ ಡಂಗುರ ಹೊಯಿಸಿ, ಜನವರಿಯ ಮೊದಲ ದಿನ ಅರಮನೆಯ ಹೊರತೊಟ್ಟಿಯಲ್ಲಿ ನಿಂತು, ಜನರು ಬೊಗಸೆಯಿಂದಲೂ ಮಡಿಲಿನಿಂದಲೂ ಸುರಿಯುತ್ತಿದ್ದ ನಾಣ್ಯಗಳನ್ನು ಹಿಡಿದುಕೊಂಡನಂತೆ.

ಆದರೆ ನಾಣ್ಯಪ್ರಿಯರು ತಮ್ಮ ಮೂಲಪುರುಷನೆಂದು ಕರೆದುಕೊಳ್ಳಬಹುದಾದವನು, ಪಡೆದ ಅಗಸ್ಟಸನಲ್ಲ, ಕೊಟ್ಟ ಅಗಸ್ಟಸನು. ಡಿಸೆಂಬರ್ 17ರಂದು ತೊಡಗುತ್ತಿದ್ದ ಸ್ಯಾಟರ್ನೇಲಿಯ ಹಬ್ಬದಲ್ಲಿ, ಮತ್ತು ಮನಸ್ಸು ಬಂದ ಬೇರೆ ಸಮಯಗಳಲ್ಲಿಯೂ, ಅವನು ಒಮ್ಮೆ ವಸ್ತ್ರಗಳನ್ನೂ ಬೆಳ್ಳಿಬಂಗಾರವನ್ನೂ, ಒಮ್ಮೆ ಬಗೆಬಗೆಯ ಮುದ್ರೆಯ ನಾಣ್ಯಗಳನ್ನೂ, ಅವುಗಳಲ್ಲಿ ರಾಜರ ಕಾಲದ ಹಳೆಯವನ್ನೂ ಪರದೇಶದವನ್ನೂ, ಹಂಚುತ್ತಿದ್ದನು. ಇನ್ನೊಮ್ಮೆ ಕಂಬಳಿಯ ತುಂಡು, ಸ್ಪಂಜು, ಒಲೆಯ ಸಲಾಕೆ, ಇಕ್ಕಳ ಇವುಗಳನ್ನೇ ಶ್ಲೇಷೆಯ ಹೆಸರುಗಳಲ್ಲಿ ಮುಚ್ಚಿಕೊಡುತ್ತಿದ್ದನು. ಅಂಗಡಿಯಲ್ಲಿ ನಡೆಯದ ನಾಣ್ಯವನ್ನು ಚಕ್ರವರ್ತಿಯು ಕೊಟ್ಟರೆ ಅತಿಥಿಯು ಅದನ್ನು ಏನು ಮಾಡಬೇಕು? ತಿರುಗಿಸಿ ನೋಡಬೇಕು, ಯಾವ ಅರಸನದೆಂದು ಊಹಿಸಬೇಕು, ಪಕ್ಕದವನಿಗೆ ಸಿಕ್ಕಿದ್ದೇನೆಂದು ಇಣುಕಬೇಕು. ಇದನ್ನೆಲ್ಲ ಬರೆದಿಟ್ಟ ಸ್ಯೂಟೋನಿಯಸನೂ ಈ ರೋಗದಿಂದ ಮುಕ್ತನಾಗಿರಲಿಲ್ಲ. ಬಾಲಕ ಅಗಸ್ಟಸನದೆಂದು ಹೇಳಲಾದ, ಸವೆದು ಅಳಿಸಿಹೋಗುತ್ತಿದ್ದ ಕಬ್ಬಿಣದ ಅಕ್ಷರಗಳುಳ್ಳ ಪುಟ್ಟ ಕಂಚಿನ ಪ್ರತಿಮೆಯೊಂದು ತನಗೆ ದೊರೆಯಿತೆಂದೂ, ಅದನ್ನು ತನ್ನ ಪ್ರಭುವಿಗೆ ಕಾಣಿಕೆಯಾಗಿ ಕೊಟ್ಟನೆಂದೂ, ಆತನು ಅದನ್ನು ಶಯನಗೃಹದ ದೇವತೆಗಳೊಡನೆ ಇಟ್ಟು ಪೂಜಿಸುತ್ತಿರುವನೆಂದೂ ಅವನು ಹೇಳಿಕೊಳ್ಳುವ ವಾಕ್ಯದಲ್ಲಿ, ಹೊಸದೊಂದು ಸಿಕ್ಕಿದ ಸಂಗ್ರಾಹಕನ ಬಿಂಕವನ್ನು ನಾವು ಸ್ಪಷ್ಟವಾಗಿ ಕೇಳಬಹುದು. ಹಿರಿಯ ಪ್ಲಿನಿಯಂತೂ ಇನ್ನೂ ವಿಚಿತ್ರವಾದ ಸುದ್ದಿಯನ್ನು ತಿಳಿಸುತ್ತಾನೆ: ಅವನ ಕಾಲದಲ್ಲಿ ಖೋಟಾ ದಿನಾರದ ಮಾದರಿಯೊಂದನ್ನು ಪಡೆಯಲು ಜನರು ಹಲವು ಸಾಚಾ ದಿನಾರಗಳನ್ನು ತೆರುತ್ತಿದ್ದರಂತೆ. ಈ ಹುಚ್ಚಿಗೆ ಇದಕ್ಕಿಂತ ಪ್ರಾಚೀನವಾದ ವೈದ್ಯಕೀಯ ಸಾಕ್ಷ್ಯ ಬೇಕೆ?

ಇದೇ ಪ್ಲಿನಿಯು, ಭರತಖಂಡದ ಸರಕುಗಳಿಗಾಗಿ ವರ್ಷಕ್ಕೆ 5 ಕೋಟಿ ಸೆಸ್ಟರ್ಸುಗಳು ರೋಮಿನಿಂದ ಸೋರಿಹೋಗುತ್ತಿವೆಯೆಂದು ಹಲುಬಿದವನು. ಆ ಸೋರಿಕೆಯ ಹನಿಗಳು ನಮ್ಮ ನೆಲದಲ್ಲಿಯೂ ಬಿದ್ದಿವೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ, 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಟೈಬೀರಿಯಸನ ದಿನಾರ ದೊರೆಯಿತು. ಬೆಂಗಳೂರಿನ ಯಶವಂತಪುರದಲ್ಲಿ ಅದಕ್ಕೂ ಮೊದಲೇ ಇಂಥ ಬೆಳ್ಳಿನಾಣ್ಯಗಳ ನಿಧಿ ಸಿಕ್ಕಿದ್ದಿತು. ದಕ್ಷಿಣ ಭಾರತದಲ್ಲಿ ಅತ್ಯಂತ ಹೇರಳವಾಗಿ ಕಾಣಸಿಗುವ ಅಗಸ್ಟಸನ ದಿನಾರವನ್ನು ಅಂಗೈಯಲ್ಲಿಟ್ಟು ನೋಡಿದರೆ, ತೊಲೆಯ ಮೂರನೆಯ ಒಂದು ಭಾಗದಷ್ಟು ತೂಗುವ ಆ ಬೆಳ್ಳಿಯ ತುಣುಕಿನ ಹಿಂಬದಿಯಲ್ಲಿ ಇಬ್ಬರು ಹುಡುಗರು ಮೈತುಂಬ ಹೊದ್ದು ನಿಂತಿದ್ದಾರೆ, ನಡುವೆ ಗುರಾಣಿಗಳೂ ಈಟಿಗಳೂ ಇವೆ. ಅವರು ಅವನ ದತ್ತುಪುತ್ರರಾದ ಗೇಯಸ್ ಮತ್ತು ಲೂಸಿಯಸ್. ಸಿಂಹಾಸನಕ್ಕೆಂದು ಬೆಳೆಸಿದ ಆ ಇಬ್ಬರೂ ತಂದೆಗಿಂತ ಮೊದಲೇ, ಕ್ರಿ.ಶ. 4ನೆಯ ವರ್ಷದೊಳಗಾಗಿ, ತೀರಿಕೊಂಡರು. ನಮ್ಮ ಪೂರ್ವಿಕರಿಗೆ ಈ ಕಥೆ ತಿಳಿದಿರಲಾರದು, ತಿಳಿಯುವ ಅಗತ್ಯವೂ ಇರಲಿಲ್ಲ. ಅವರಿಗೆ ಬೆಳ್ಳಿ ಬೆಳ್ಳಿಯೇ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ದೊರೆತ ಪೂರ್ವರೋಮನರ ಹೊನ್ನಿನ ನಾಣ್ಯಗಳಲ್ಲಿಯಾದರೋ ಪೋಣಿಸಲೆಂದು ಕೊರೆದ ತೂತುಗಳಿವೆ. ಕಾಸಿನ ಸರವನ್ನು ಕಂಡು ಬಲ್ಲವರಿಗೆ ಇದು ಸೋಜಿಗವಲ್ಲ. ಸಂಗ್ರಾಹಕರು ತೂತುಬಿದ್ದ ನಾಣ್ಯವನ್ನು ಕಂಡು ಹುಬ್ಬು ಗಂಟಿಕ್ಕುತ್ತಾರೆ, ಆದರೆ ಕರಗಿಸುವ ಮೂಸೆಯಿಂದ ಅದನ್ನು ಪಾರುಮಾಡಿದ್ದು ಆ ತೂತೇ ಇರಬಹುದೆಂಬುದನ್ನು ಮರೆಯುತ್ತಾರೆ.

ಹೊಸ ವರ್ಷದ ಕಾಣಿಕೆಯ ಸಂಪ್ರದಾಯವು ರೋಮ್ ಅಳಿದ ಮೇಲೆಯೂ ಫ್ರಾನ್ಸಿನ ಅರಮನೆಗಳಲ್ಲಿ ವೈಭವದಿಂದ ಮೆರೆಯಿತು. ಬೆರಿಯ ಡ್ಯೂಕನಾದ ಜಾನನು 1402ರಲ್ಲಿ ಫ್ಲಾರೆನ್ಸಿನ ವರ್ತಕನೊಬ್ಬನಿಂದ ಕಾನ್‌ಸ್ಟಂಟೈನ್ ಚಕ್ರವರ್ತಿಯ ಚಿತ್ರವುಳ್ಳ, ರತ್ನಖಚಿತವಾದ ಚಿನ್ನದ ಪದಕವನ್ನು ಕೊಂಡನು. ಇಂಥವನ್ನು ಬಹುಕಾಲದವರೆಗೆ ಪಂಡಿತರು ಪ್ರಾಚೀನವೆಂದೇ ನಂಬಿದ್ದರು, ಅವು ಅವನ ಕಾಲದಲ್ಲಿಯೇ ಮಾಡಿದವೆಂಬುದು ತಡವಾಗಿ ಗೊತ್ತಾಯಿತು. 1411ರ ಹೊಸ ವರ್ಷದಂದು ಅವನ ಚಿತ್ರಕಾರರಾದ ಲಿಂಬುರ್ಗ್ ಸಹೋದರರು ಬೆಳ್ಳಿಯ ಕೊಂಡಿಗಳುಳ್ಳ, ಮಖಮಲ್ಲಿನ ಹೊದಿಕೆಯ ಪುಸ್ತಕವೊಂದನ್ನು ಅರ್ಪಿಸಿದರು. ತೆರೆಯಹೋದರೆ ಅದು ಬರಿಯ ಮರದ ದಿಮ್ಮಿ. ಡ್ಯೂಕನು ಅದನ್ನು ಎಸೆಯದೆ ತನ್ನ ಭಂಡಾರದ ಪಟ್ಟಿಗೆ ಸೇರಿಸಿಕೊಂಡನು.

ಇವನಿಗಿಂತ ಅರ್ಧ ಶತಮಾನ ಹಿಂದೆ ನಡೆದ ಕೊಡುಗೆಯೊಂದು ನನಗೆ ಇವೆಲ್ಲಕ್ಕಿಂತ ರುಚಿಕರವಾದದ್ದು. ಕವಿ ಪೆಟ್ರಾರ್ಕನು ರೋಮಿಗೆ ಹೋದಾಗಲೆಲ್ಲ ದ್ರಾಕ್ಷಿಯ ತೋಟ ಅಗೆಯುವವರು ಮಣ್ಣಿನಲ್ಲಿ ಸಿಕ್ಕ ಹರಳನ್ನೋ ನಾಣ್ಯವನ್ನೋ ಹಿಡಿದು ಅವನಲ್ಲಿಗೆ ಬರುತ್ತಿದ್ದರು: ಕೊಳ್ಳುವಿರಾ, ಇಲ್ಲವೆ ಇದರ ಮೇಲಿರುವ ವೀರನಾರೆಂದು ಹೇಳುವಿರಾ ಎಂಬುದು ಅವರ ಪ್ರಶ್ನೆ. ಹೀಗೆ ಕೂಡಿದ ಭಂಡಾರವು 1354ರ ಡಿಸೆಂಬರಿನಲ್ಲಿ ಉಪಯೋಗಕ್ಕೆ ಬಂದಿತು. ಬೊಹೀಮಿಯದ ದೊರೆ ನಾಲ್ಕನೆಯ ಚಾರ್ಲ್ಸನು ಚಕ್ರವರ್ತಿಯ ಕಿರೀಟಕ್ಕಾಗಿ ರೋಮಿನ ಹಾದಿ ಹಿಡಿದು ಮ್ಯಾಂಟುವದಲ್ಲಿ ತಂಗಿದ್ದನು. ಕಡುಚಳಿಯನ್ನು ಲೆಕ್ಕಿಸದೆ ಪೆಟ್ರಾರ್ಕನು ಅಲ್ಲಿಗೆ ಹೋದನು. ಕವಿಯು ಬರೆಯುತ್ತಿದ್ದ ಮಹಾಪುರುಷರ ಚರಿತ್ರೆಯನ್ನು ತನಗೆ ಅರ್ಪಿಸಬೇಕೆಂದು ದೊರೆಯು ಕೇಳಿದ್ದಕ್ಕೆ, ಗ್ರಂಥವಿನ್ನೂ ಮುಗಿದಿಲ್ಲ, ನೀನು ಅದಕ್ಕೆ ತಕ್ಕವನಾದರೆ ನೋಡೋಣ ಎಂಬರ್ಥದ ಉತ್ತರವನ್ನು ಕೊಟ್ಟು, ಕೈಯಲ್ಲಿದ್ದ ಚಿನ್ನ ಬೆಳ್ಳಿಯ ಕೆಲವು ಪುರಾತನ ನಾಣ್ಯಗಳನ್ನು ಕಾಣಿಕೆಯಿತ್ತನು. ಅವುಗಳಲ್ಲಿ ಒಂದರ ಮೇಲೆ ಉಸಿರಾಡುವಂತಿದ್ದ ಅಗಸ್ಟಸನ ಮುಖವಿದ್ದಿತು. ಇವರ ಪೀಠಕ್ಕೆ ನೀನು ಬಂದಿರುವೆ, ಇವರಂತೆ ಬಾಳು ಎಂದು ಒಬ್ಬೊಬ್ಬನ ಚರಿತ್ರೆಯನ್ನೂ ಸಂಕ್ಷೇಪವಾಗಿ ವಿವರಿಸಿದನು. ದೊರೆಯು ಅಪಾರ ಸಂತೋಷದಿಂದ ಸ್ವೀಕರಿಸಿದನೆಂದು ಕವಿಯೇ ಸ್ನೇಹಿತನಿಗೆ ಬರೆದ ಪತ್ರದಲ್ಲಿ ತಿಳಿಸುತ್ತಾನೆ.

1355ರ ಏಪ್ರಿಲ್ 5ರಂದು ಚಾರ್ಲ್ಸನಿಗೆ ರೋಮಿನಲ್ಲಿ ಕಿರೀಟಧಾರಣೆಯಾಯಿತು. ಅಂದೇ ಅವನು ನಗರವನ್ನು ಬಿಟ್ಟು ಹೊರಟನು. ಹೋಗುವಾಗ ಕವಿಯ ಸ್ನೇಹಿತ ಲೇಲಿಯಸನ ಕೈಯಲ್ಲಿ ಪೆಟ್ರಾರ್ಕನಿಗೆ ಪ್ರತಿಕಾಣಿಕೆಯಾಗಿ ಸೀಸರನ ಬಲು ಪುರಾತನವಾದ ಪ್ರತಿರೂಪವೊಂದನ್ನು ಕಳುಹಿಸಿದನು. ಬೇರೆ ಯಾವ ಸಂಗ್ರಾಹಕನಾದರೂ ಕುಣಿದಾಡುತ್ತಿದ್ದನು. ಪೆಟ್ರಾರ್ಕನು ಲೇಖನಿ ಹಿಡಿದು, ಈ ಸೀಸರನಿಗೆ ಬಾಯಿ ಬಂದಿದ್ದರೆ ನಿನ್ನನ್ನು ಈ ನಾಚಿಕೆಗೇಡಿನ ಪ್ರಯಾಣದಿಂದ ತಡೆಯುತ್ತಿದ್ದನೆಂದೂ, ಕಬ್ಬಿಣದ ಕಿರೀಟವನ್ನೂ ಚಿನ್ನದ ಕಿರೀಟವನ್ನೂ ಹೊತ್ತು ಬರಿಯ ಹೆಸರಿನ ಚಕ್ರವರ್ತಿಯಾಗಿ ಹಿಂದಿರುಗುತ್ತಿರುವೆಯೆಂದೂ ಕಟುವಾಗಿ ಬರೆದನು. ಚಾರ್ಲ್ಸನು ಇದಕ್ಕೆ ಮುನಿದುಕೊಂಡಂತೆ ಕಾಣುವುದಿಲ್ಲ. 1356ರಲ್ಲಿ ಮಿಲಾನಿನ ಪ್ರಭುಗಳ ರಾಯಭಾರಿಯಾಗಿ ಕವಿಯು ಪ್ರಾಗ್ ನಗರಕ್ಕೆ ಹೋದಾಗ ಅವನನ್ನು ಆದರದಿಂದ ಬರಮಾಡಿಕೊಂಡನು, ಮುಂದೆ ಕೌಂಟ್ ಪ್ಯಾಲಟೈನ್ ಎಂಬ ಬಿರುದನ್ನೂ ಇತ್ತನು.