ನಾಗಂದಿಗೆಯ ಮೇಲಿನ ಡಬ್ಬಿ

2025ರ ಮೇ ತಿಂಗಳು. ಶಾಲೆಗೆ ರಜೆ. ಅವ್ವನ ವರ್ಷದ ತಿಥಿ ಮುಗಿದಿತ್ತು. ಊರಿನ ಹಳೆಯ ಮನೆಯನ್ನು ಇನ್ನು ಖಾಲಿ ಮಾಡಿಬಿಡೋಣ ಎಂದು ಅಣ್ಣ ಹೇಳಿ ಕಳಿಸಿದ. ನಾನೂ ವೈನಿಯೂ ಎರಡು ದಿನ ಸೆರಗು ಬಿಗಿದು ಧೂಳು ಕೊಡವಿದೆವು. ಹಿತ್ತಾಳೆಯ ಕೊಡಗಳನ್ನು ಹಂಚಿಕೊಂಡದ್ದಾಯಿತು. ಕಬ್ಬಿಣದ ಸಾಮಾನು ಗುಜರಿಯವನ ಪಾಲಾಯಿತು. ಹಳೆಯ ಸೀರೆಗಳು ಕೌದಿ ಹೊಲಿಯುವವರಿಗೆ ಹೋದವು. ದಾರಿ ಕಾಣದೆ ಉಳಿದದ್ದು ಒಂದೇ ಒಂದು, ನಾಗಂದಿಗೆಯ ಮೂಲೆಯಲ್ಲಿದ್ದ ತಗಡಿನ ಡಬ್ಬಿ.

ಗುಜರಿಯವನು ಅದನ್ನು ಎತ್ತಿ ಮೂಸಿ ನೋಡಿ ತಿರುಗಿ ಕೆಳಗಿಟ್ಟ. "ಇದು ಎಣ್ಣಿ ಡಬ್ಬಿ ಐತ್ರೀ ಅಕ್ಕಾರ, ನನಗ ಬ್ಯಾಡ" ಎಂದ.

ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಕ್ಕೆಲ್ಲ ಎಣ್ಣಿ ಎಂದೇ ಹೆಸರು, ಅದು ಪುಡಿಯಾಗಿದ್ದರೂ ಸರಿ. ಅಪ್ಪ ವರಲಕ್ಷ್ಮಿ ಹತ್ತಿ ಹಾಕುತ್ತಿದ್ದ ಕಾಲದ ಡಬ್ಬಿ ಅದು. ಒಳಗೆ ಅರ್ಧದಷ್ಟು ಪುಡಿ ಗಡ್ಡೆ ಕಟ್ಟಿ ಕೂತಿತ್ತು. ತುಕ್ಕು ತಿಂದು ಉಳಿದ ಕಾಗದದ ಮೇಲೆ ಎರಡು ಹೆಸರು ಓದಲು ಬಂದವು: ಸೆವಿನ್, ಯೂನಿಯನ್ ಕಾರ್ಬೈಡ್. ಅಪ್ಪ ಬರಿಗೈಯಲ್ಲೇ ಇದನ್ನು ಬಕೆಟ್ಟಿನ ನೀರಿಗೆ ಕಲಸುತ್ತಿದ್ದದ್ದು ನನಗೆ ನೆನಪಿದೆ. ಅವತ್ತಿನ ಅಂಗಿ ಧೋತರವನ್ನು ಮಾತ್ರ ಅವ್ವ ಬೇರೆ ಬಟ್ಟೆಯ ಜೊತೆ ಕೂಡಿಸದೆ, ಹಿತ್ತಲಿನ ಬೇರೆ ಕಲ್ಲಿನ ಮೇಲೆ ಒಗೆಯುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ವಾಸನೆಯೇ ಅವಳಿಗೆ ಹೇಳಿತ್ತು.

"ಹಾಳಬಾವಿಗೆ ಒಗದ್ರ ಆತು ಬಿಡು" ಎಂದ ಅಣ್ಣ.

"ಅಣ್ಣಾ, ಆ ಬಾವಿಗೂ ಊರಿನ ಬೋರಿಗೂ ಒಳಗ ಬರೋ ನೀರು ಒಂದ ಅಲ್ಲೇನು?"

ಅವನು ಸುಮ್ಮನಾದ. ನಾನು ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನಮ್ಮೂರಿಗೆ ತಂದೆ. ಅದೇ ವಾರ ಪತ್ರಿಕೆಯಲ್ಲಿ ಒಂದು ಸುದ್ದಿ ಕಣ್ಣಿಗೆ ಬಿತ್ತು. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಉಳಿದಿದ್ದ ವಿಷದ ಕಸವನ್ನು ಮಧ್ಯಪ್ರದೇಶ ಸರ್ಕಾರ ಸುಡಲು ಹಚ್ಚಿದೆಯೆಂದು. ದುರಂತ ನಡೆದು ನಲವತ್ತು ವರ್ಷವಾಗಿತ್ತು. ನನ್ನದು ಒಂದು ಡಬ್ಬಿ. ಆ ಸರ್ಕಾರದ್ದು 337 ಟನ್.

ಭೋಪಾಲ ಎಂದರೆ ನನ್ನ ಓರಗೆಯವರಿಗೆ ರೇಡಿಯೋ. 1984ರ ಡಿಸೆಂಬರಿನಲ್ಲಿ ನಾನು ಒಂಬತ್ತನೆಯ ಇಯತ್ತೆ. 2ರ ರಾತ್ರಿ ಕಳೆದು 3ರ ಬೆಳಗಾಗುವುದರೊಳಗೆ ಆ ಊರಲ್ಲಿ ಮಲಗಿದ್ದವರು ಮಲಗಿದಂತೆ, ಓಡಿದವರು ಓಡಿದ ದಾರಿಯಲ್ಲೇ ಸತ್ತರು ಎಂಬ ಸುದ್ದಿಯನ್ನು ಅಪ್ಪ ಕಟ್ಟೆಯ ಮೇಲೆ ಕೂತು ಕೇಳಿದ. ಆ ರೇಡಿಯೋ ನಡೆಯುತ್ತಿದ್ದದ್ದು ಎವರೆಡಿ ಸೆಲ್ಲಿನ ಮೇಲೆ. ಎವರೆಡಿ ಸೆಲ್ಲು ಮಾಡುತ್ತಿದ್ದದ್ದೂ ಅದೇ ಕಂಪನಿ ಎಂಬುದು ನಮಗೆ ಗೊತ್ತಾದದ್ದು ಎಷ್ಟೋ ವರ್ಷದ ನಂತರ. ಮುಗಿದ ಸೆಲ್ಲುಗಳನ್ನು ನಾವು ಮಕ್ಕಳು ಕಲ್ಲಿನಿಂದ ಒಡೆದು, ಒಳಗಿನ ಕರಿಯನ್ನು ಎಲೆಯ ರಸದಲ್ಲಿ ಕಲಸಿ ಶಾಲೆಯ ಕರಿಹಲಗೆಗೆ ಬಳಿಯುತ್ತಿದ್ದೆವು. ನಿಮ್ಮಲ್ಲಿ ಹಲವರು ಬಳಿದಿರಬಹುದು. ಏನೂ ದಂಡ ಮಾಡಬಾರದು ಎಂದು ಬೆಳೆದವರು ನಾವು, ಹಾಗಾಗಿ ಅದನ್ನೂ ದಂಡ ಮಾಡಲಿಲ್ಲ.

ಆಮೇಲೆ ನಾನು ಮಾಸ್ತರಿಕೆಗೆ ಬಂದೆ. ಡಿಸೆಂಬರ್ 2ನ್ನು ನಮ್ಮ ಶಾಲೆಗಳಲ್ಲಿ ಮಾಲಿನ್ಯ ನಿಯಂತ್ರಣ ದಿನ ಎಂದು ಆಚರಿಸುತ್ತೇವೆ, ಭೋಪಾಲದ ನೆನಪಿಗಾಗಿಯೇ. ಮಕ್ಕಳು ಹೊಗೆ ಉಗುಳುವ ಚಿಮಣಿಯ ಚಿತ್ರ ಬರೆಯುತ್ತಾರೆ. ಸೋರಿದ ಅನಿಲ ಯಾವುದು, ಉತ್ತರ: ಮೀಥೈಲ್ ಐಸೋಸೈನೇಟ್, ಎರಡು ಅಂಕ. ಎಷ್ಟು ವರ್ಷ ಈ ಪ್ರಶ್ನೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಅನಿಲವೇನೋ ಗಾಳಿಗೆ ಹೋಯಿತು, ಆ ಕಾರ್ಖಾನೆಯೊಳಗೆ ಉಳಿದದ್ದು ಏನಾಯಿತು ಎಂದು ಯಾವ ಮಗುವೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಡಬ್ಬಿ ಮನೆಗೆ ಬಂದ ಮೇಲೆ ಕೂತು ಓದಿದೆ.

ಆ ಕಾರ್ಖಾನೆ 1969ರಲ್ಲಿ ಶುರುವಾದದ್ದು. ಅಲ್ಲಿ ಸಿದ್ಧವಾಗುತ್ತಿದ್ದದ್ದು ಸೆವಿನ್, ಅಂದರೆ ಕಾರ್ಬರಿಲ್ ಎಂಬ ಕೀಟನಾಶಕ. ಅನಿಲ ಸೋರಿದ್ದು ಒಂದು ರಾತ್ರಿ. ಕಸ ಸುರಿದದ್ದು ಅದಕ್ಕೂ ಮೊದಲಿನ ಹದಿನೈದು ವರ್ಷ. ಆವರಣದೊಳಗೇ ಗುಂಡಿಗಳನ್ನು ತೋಡಿ ಬೇಡದ ರಾಸಾಯನಿಕಗಳನ್ನು ಸುರಿಯುತ್ತಿದ್ದರು. 1977ರಲ್ಲಿ ಕಾರ್ಖಾನೆಯ ಉತ್ತರಕ್ಕೆ ದೊಡ್ಡ ಹೊಂಡಗಳನ್ನು ಮಾಡಿ, ಕೊಳಚೆ ನೀರನ್ನು ಅಲ್ಲಿ ಬಿಸಿಲಿಗೆ ಒಣಗಲು ಬಿಟ್ಟರು. ತಳಕ್ಕೆ ಹಾಸಿದ್ದು ಪ್ಲಾಸ್ಟಿಕ್ ಹಾಳೆ. ಅದು ಸೋರುತ್ತಿದೆ ಎಂಬುದು 1982ರ ಹೊತ್ತಿಗೆ ಕಂಪನಿಗೇ ತಿಳಿದಿತ್ತು. ಎಂದರೆ ಆ ರಾತ್ರಿ ಬರದೇ ಇದ್ದಿದ್ದರೂ ಅಲ್ಲಿಯ ನೀರು ಕೆಡುವುದು ತಪ್ಪುತ್ತಿರಲಿಲ್ಲ. ಇದು ನನಗೆ ಹೊಸ ಸಂಗತಿ. ಅಷ್ಟು ವರ್ಷ ಪಾಠ ಮಾಡಿದವಳಿಗೆ ಹೊಸದು.

ದುರಂತದ ನಂತರ ಕಾರ್ಖಾನೆ ಮುಚ್ಚಿತು. 1989ರಲ್ಲಿ ಕಂಪನಿ 47 ಕೋಟಿ ಡಾಲರ್ ಕೊಟ್ಟು ಒಪ್ಪಂದ ಮಾಡಿಕೊಂಡಿತು. 1994ರಲ್ಲಿ ಭಾರತದ ಕಂಪನಿ ಮಾರಾಟವಾಗಿ ಅದರ ಹೆಸರೇ ಎವರೆಡಿ ಎಂದಾಯಿತು. 1998ರಲ್ಲಿ ಆ ಭೂಮಿ ಗುತ್ತಿಗೆ ಮುಗಿದು ಮಧ್ಯಪ್ರದೇಶ ಸರ್ಕಾರದ ಕೈಗೆ ಮರಳಿತು. ಮಗಳಿಗೆ ತವರಿನಿಂದ ಆಸ್ತಿಯ ಬದಲು ಸಾಲ ಬಂದ ಹಾಗೆ. 2001ರಲ್ಲಿ ಅಮೆರಿಕದ ಮೂಲ ಕಂಪನಿಯನ್ನು ಡೌ ಎಂಬ ಕಂಪನಿ ಕೊಂಡಿತು. ಆಸ್ತಿ ನಮ್ಮದು, ಭೋಪಾಲದ ಹೊಣೆ ನಮ್ಮದಲ್ಲ ಎಂದಿತು. ಸ್ವಚ್ಛ ಮಾಡುವುದಕ್ಕೆ ಮುಂಗಡವಾಗಿ ಡೌ 100 ಕೋಟಿ ರೂಪಾಯಿ ಇಡಲಿ ಎಂದು 2005ರಲ್ಲಿ ಕೇಂದ್ರ ಸರ್ಕಾರ ಹೈಕೋರ್ಟಿನಲ್ಲಿ ಕೇಳಿತು. ಆ ಹಣ ಬರಲಿಲ್ಲ.

ಅಷ್ಟರಲ್ಲಿ ಗೋಡೆಯ ಆಚೆ ಬಡವರ ಓಣಿಗಳು ಬೆಳೆದಿದ್ದವು. ಅಲ್ಲಿಯ ಹೆಂಗಸರಿಗೆ ಬೋರಿಂಗ್ ಒತ್ತಿದರೆ ಬರುವ ನೀರೇ ಗತಿ. ನೀರಿಗೆ ವಾಸನೆ, ಕುದಿಸಿದರೂ ಹೋಗದು. 1999ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯವರು ಬಂದು ಪರೀಕ್ಷೆ ಮಾಡಿದಾಗ ಮಣ್ಣಿನಲ್ಲಿ ಪಾದರಸವೂ ನೀರಿನಲ್ಲಿ ಕ್ಲೋರಿನ್ ಕೂಡಿದ ವಿಷಗಳೂ ಸಿಕ್ಕವು. ಸರ್ಕಾರ ಏನು ಮಾಡಿತೆಂದರೆ, ಬೋರಿಂಗುಗಳಿಗೆ ಕೆಂಪು ಬಣ್ಣ ಹಚ್ಚಿ, ಈ ನೀರು ಕುಡಿಯಬಾರದು ಎಂದು ಬರೆಸಿತು. ಕುಡಿಯುವ ನೀರು ಎಲ್ಲಿಂದ ತರಬೇಕು ಎಂದು ಬರೆಸಲಿಲ್ಲ. ಆ ಓಣಿಗಳಿಗೆ ಒಳ್ಳೆಯ ನೀರು ಕೊಡಿ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಸರ್ಕಾರಕ್ಕೆ ಆದೇಶ ಮಾಡಬೇಕಾಯಿತು. ಆದೇಶದ ನಂತರವೂ ನಳ ತಾನಾಗಿ ಬರಲಿಲ್ಲ. 2006ರಲ್ಲಿ ಅಲ್ಲಿಯ ಜನ ದಿಲ್ಲಿಯವರೆಗೆ ನಡೆದುಕೊಂಡೇ ಹೋದರು.

ಇವರಲ್ಲಿ ಇಬ್ಬರು ಹೆಂಗಸರ ಹೆಸರು ಹೇಳಲೇಬೇಕು: ರಶೀದಾ ಬೀ, ಚಂಪಾದೇವಿ ಶುಕ್ಲಾ. ಒಬ್ಬರು ಮುಸಲ್ಮಾನರು, ಒಬ್ಬರು ಹಿಂದೂ. ಇಬ್ಬರ ಮನೆಯಲ್ಲೂ ಸಾವಾಗಿತ್ತು. ಗ್ಯಾಸ್ ತಗುಲಿದ ಹೆಂಗಸರಿಗೆಂದು ಸರ್ಕಾರ ತೆರೆದ ಕಾಗದ-ಫೈಲಿನ ಕೆಲಸದಲ್ಲಿ ಪರಿಚಯವಾದವರು, ಕೂಲಿ ಸಾಲದೆಂದು ಸಂಘ ಕಟ್ಟಿದರು. 2002ರಲ್ಲಿ ಡೌ ಕಂಪನಿಯ ವಿರುದ್ಧ ಅವರು ಹೂಡಿದ ಚಳವಳಿಗೆ ಕಸಬರಿಗೆಯೇ ಗುರುತು. ನೀವು ಚೆಲ್ಲಿದ್ದನ್ನು ನೀವೇ ಗುಡಿಸಿ ಎಂದು ಕಂಪನಿಯ ಕಚೇರಿಗಳಿಗೆ ಕಸಬರಿಗೆ ಒಯ್ದು ಕೊಟ್ಟರು. ಇದನ್ನು ಓದಿ ನನಗೆ ನಗುವೂ ಬಂತು, ಹೊಟ್ಟೆಯೊಳಗೆ ಸಂಕಟವೂ ಆಯಿತು. 2004ರಲ್ಲಿ ಇಬ್ಬರಿಗೂ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಆ ಹಣದಿಂದ ಅವರು ತೆರೆದದ್ದು ಚಿಂಗಾರಿ ಎಂಬ ಟ್ರಸ್ಟು, ಅಂಗವೈಕಲ್ಯದಿಂದ ಹುಟ್ಟಿದ ಮಕ್ಕಳಿಗಾಗಿ.

ಕಸದ ಕಥೆ ಅಷ್ಟು ನೇರವಾಗಿಲ್ಲ. 2004ರಲ್ಲಿ ಮಧ್ಯಪ್ರದೇಶ ಹೈಕೋರ್ಟಿಗೆ ಒಂದು ಸಾರ್ವಜನಿಕ ಹಿತದ ಅರ್ಜಿ ಹೋಯಿತು. 2005ರಲ್ಲಿ ಕಾರ್ಖಾನೆಯ ಆವರಣದಲ್ಲಿ ಮೇಲೆ ಮೇಲೆ ಬಿದ್ದಿದ್ದನ್ನು ಬಳಿದು ಚೀಲಗಳಿಗೆ ತುಂಬಿ ಒಂದು ಶೆಡ್ಡಿನಲ್ಲಿಟ್ಟರು. 40 ಟನ್ ಸುಣ್ಣದ ಕೆಸರು 2008ರಲ್ಲಿ ಇಂದೋರಿನ ಹತ್ತಿರದ ಪೀಥಂಪುರಕ್ಕೆ ಹೋಗಿ ಹೂಳಿಸಿಕೊಂಡಿತು. ಉಳಿದದ್ದಕ್ಕೆ ಊರು ಹುಡುಕುವುದು ಕನ್ಯೆಗೆ ವರ ಹುಡುಕಿದ ಹಾಗಾಯಿತು. ಗುಜರಾತಿನ ಅಂಕಲೇಶ್ವರದಲ್ಲಿ ಸುಡೋಣವೆಂದರೆ, ಮೊದಲು ಒಪ್ಪಿದ ಆ ಸರ್ಕಾರ 2007ರಲ್ಲಿ ಒಲ್ಲೆ ಎಂದಿತು. ನಾಗಪುರದ ಹತ್ತಿರ ಎಂದರೆ ಮಹಾರಾಷ್ಟ್ರದವರು ಒಲ್ಲೆ ಎಂದರು. 2012ರಲ್ಲಿ ಜರ್ಮನಿಯ ಸಂಸ್ಥೆಯೊಂದು ಸುಮಾರು 25 ಕೋಟಿ ರೂಪಾಯಿಗೆ ವಿಮಾನದಲ್ಲಿ ಒಯ್ದು ಸುಡುತ್ತೇನೆಂದು ಮುಂದೆ ಬಂದು, ಅಲ್ಲಿಯ ಜನರ ವಿರೋಧ ನೋಡಿ ಹಿಂದೆ ಸರಿಯಿತು. ಇದರ ನಡುವೆ, 2009ರಲ್ಲಿ, ಕೇಂದ್ರದ ಪರಿಸರ ಮಂತ್ರಿ ಜೈರಾಮ್ ರಮೇಶ್ ಅವರು ಕಾರ್ಖಾನೆಗೆ ಹೋಗಿ ಆ ಕಸವನ್ನು ಕೈಯಲ್ಲಿ ಹಿಡಿದು, ನೋಡಿ, ನನಗೇನೂ ಆಗಿಲ್ಲ ಎಂಬ ಅರ್ಥದ ಮಾತಾಡಿದರು. ಅಪ್ಪನೂ ಬರಿಗೈಯಲ್ಲೇ ಕಲಸಿದವನಲ್ಲವೇ? ಅವನಿಗೂ ಅವತ್ತೇನೂ ಆಗಲಿಲ್ಲ. ಇಂಥ ವಿಷ ಅವತ್ತಿನದನ್ನು ಅವತ್ತೇ ಲೆಕ್ಕ ಕೊಡುವಂಥದ್ದಲ್ಲ.

ಕೊನೆಗೆ 2024ರ ಡಿಸೆಂಬರ್ 3ರಂದು, ದುರಂತಕ್ಕೆ ಸರಿಯಾಗಿ ನಲವತ್ತು ವರ್ಷ ತುಂಬಿದ ದಿನ, ನಾಲ್ಕು ವಾರದೊಳಗೆ ಕಸ ಎತ್ತಿ ಎಂದು ಹೈಕೋರ್ಟ್ ಗಡುವು ಕೊಟ್ಟಿತು. 2025ರ ಹೊಸ ವರ್ಷದ ದಿನ ರಾತ್ರಿ 12 ಕಂಟೇನರುಗಳು ಪೊಲೀಸರ ಕಾವಲಿನಲ್ಲಿ ಹೊರಟು, ಸುಮಾರು 250 ಕಿಲೋಮೀಟರ್ ದೂರದ ಪೀಥಂಪುರ ಸೇರಿದವು. ತುಂಬಿದ ಕೂಲಿಯವರಿಗೆ ಅರ್ಧ ಗಂಟೆಗೊಂದು ಪಾಳಿ. ಪೀಥಂಪುರದ ಜನ ಬಂದ್ ಮಾಡಿದರು, ಇಬ್ಬರು ಮೈಗೆ ಬೆಂಕಿ ಹಚ್ಚಿಕೊಂಡರು. ಅವರನ್ನು ತಪ್ಪೆನ್ನಲು ನನಗೆ ಬಾಯಿ ಬಾರದು. ಭೋಪಾಲದವರಿಗೆ ನಲವತ್ತು ವರ್ಷ ಸುಳ್ಳು ಹೇಳಿದ್ದನ್ನು ಕಂಡವರು ತಮಗೆ ಹೇಳಿದ್ದನ್ನು ಹೇಗೆ ನಂಬಿಯಾರು? ಫೆಬ್ರವರಿ-ಮಾರ್ಚಿನಲ್ಲಿ 30 ಟನ್ ಸುಟ್ಟು ಪರೀಕ್ಷೆ ಮಾಡಿದರು. ಉಳಿದ 307 ಟನ್ನನ್ನು ಗಂಟೆಗೆ 270 ಕಿಲೋ ಲೆಕ್ಕದಲ್ಲಿ ಮೇ 5ರಿಂದ ಹಗಲು ರಾತ್ರಿ ಸುಟ್ಟು, ಜೂನ್ ಕೊನೆಗೆ ಮುಗಿಸಿದರು.

ಮುಗಿಯಿತೇ? ಒಲೆ ಹೊತ್ತಿಸಿದವರಿಗೆ ಗೊತ್ತು, ಬೂದಿ ಉಳಿಯುತ್ತದೆ. ಆದರೆ ಕಟ್ಟಿಗೆಗಿಂತ ಬೂದಿ ಹೆಚ್ಚಾಗುವುದನ್ನು ನಾನು ಕೇಳಿರಲಿಲ್ಲ. ಸುಡುವಾಗ ಏಳುವ ವಿಷದ ಹೊಗೆಯನ್ನು ಹಿಡಿಯಲು ಸುಣ್ಣ ಮೊದಲಾದವನ್ನು ಬೆರೆಸುತ್ತಾರೆ, ಹಾಗಾಗಿ 337 ಟನ್ ಸುಟ್ಟದ್ದಕ್ಕೆ 800 ಟನ್ನಿಗೂ ಮಿಕ್ಕಿ ಬೂದಿ ಉಳಿಯಿತು. ಅದನ್ನು ಎಲ್ಲಿ ಹೂಳಬೇಕೆಂಬ ಮಾತು ಮತ್ತೆ ಕೋರ್ಟಿಗೆ ಹೋಯಿತು. ಇಷ್ಟಕ್ಕೆ ಕೇಂದ್ರ ಕೊಟ್ಟದ್ದು 126 ಕೋಟಿ. ನಮ್ಮ ನಿಮ್ಮ ತೆರಿಗೆ.

ಇನ್ನೊಂದು ಲೆಕ್ಕ ಇದೆ, ಅದು ಯಾವ ಕಂಟೇನರಿನಲ್ಲೂ ಹೋಗಲಿಲ್ಲ. ಆ ಆವರಣದಲ್ಲಿ ಕೆಟ್ಟ ಮಣ್ಣು ಸುಮಾರು 11 ಲಕ್ಷ ಟನ್ ಇದೆಯೆಂದು ಸರ್ಕಾರದ್ದೇ ಎರಡು ಸಂಶೋಧನಾ ಸಂಸ್ಥೆಗಳು 2010ರಲ್ಲಿ ಅಂದಾಜು ಮಾಡಿದ್ದವು. ನಮ್ಮ ಅಡಿಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಕ್ವಿಂಟಲ್ ಅಕ್ಕಿಯ ಚೀಲದಿಂದ ತೆಗೆದದ್ದು ಮೂವತ್ತು ಗ್ರಾಂ, ಒಂದು ಸಣ್ಣ ಹಿಡಿ. ಚೀಲದಲ್ಲಿ ಕಟ್ಟಿದ್ದಕ್ಕೆ ತೂಕವಿತ್ತು, ಗಡುವಿತ್ತು, ಪತ್ರಿಕೆಯಲ್ಲಿ ಚಿತ್ರವಿತ್ತು. ಕಟ್ಟದೆ ಮಣ್ಣಿಗೆ ಇಳಿದದ್ದಕ್ಕೆ ಗಡುವು ಕೊಡುವವರಿಲ್ಲ. ಅದು ವರ್ಷ ವರ್ಷವೂ ಸರಿಯುತ್ತ, ಕೆಟ್ಟ ನೀರಿನ ಓಣಿಗಳ ಪಟ್ಟಿ 42ಕ್ಕೆ ಮುಟ್ಟಿದೆ.

ಕಾನೂನು ಇಲ್ಲವೆಂದಲ್ಲ. ಭೋಪಾಲದಿಂದಲೇ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು, 1989ರಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮಗಳು ಬಂದವು. ಕಾರ್ಖಾನೆಗಳು ತಮ್ಮ ವಿಷದ ಕಸದ ಲೆಕ್ಕವನ್ನು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಪ್ಪಿಸಬೇಕು, ಅದಕ್ಕೆಂದೇ ಮಾಡಿದ ಜಾಗಕ್ಕೆ ಕಳಿಸಬೇಕು. ನಮ್ಮ ರಾಜ್ಯಕ್ಕೆ ದಾಬಸ್‌ಪೇಟೆಯ ಬಳಿ ಅಂಥ ಜಾಗವಿದೆ. ಈಗಾಗಲೇ ಕೆಟ್ಟುಹೋದ ನೆಲವನ್ನು ಯಾರು ಗುರುತಿಸಬೇಕು, ಯಾರ ಖರ್ಚಿನಲ್ಲಿ ಸರಿಮಾಡಬೇಕು ಎಂಬುದಕ್ಕೇ ಆದ ನಿಯಮ ಮಾತ್ರ ಬಂದದ್ದು 2025ರ ಜುಲೈನಲ್ಲಿ, ಭೋಪಾಲದ ಚೀಲಗಳು ಬೂದಿಯಾದ ಮರುತಿಂಗಳು. ಕೆಡಿಸಿದವನೇ ಖರ್ಚು ಕೊಡಬೇಕು, ಅವನು ಸಿಗದಿದ್ದರೆ ಸರ್ಕಾರ ನೋಡಿಕೊಳ್ಳಬೇಕು ಎನ್ನುತ್ತದೆ ಅದು. ಸಿಗದವರೇ ಹೆಚ್ಚು ಎಂದು ನನ್ನ ಅನುಮಾನ.

ಇನ್ನು ನನ್ನ ಡಬ್ಬಿ. ಕಾರ್ಬರಿಲ್ ಅನ್ನು 2018ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಿದ್ದಾರೆ, ಹಾಗಾಗಿ ಕೇಳುವ ರೈತನೂ ಇಲ್ಲ. ಮನೆಯೊಳಗಿನ ಇಂಥ ಕಸಕ್ಕೆ ಊರಿನವರು ಬೇರೆ ಜಾಗ ಮಾಡಬೇಕೆಂದು 2016ರ ನಿಯಮವೇ ಹೇಳಿತ್ತು. ಬೆಳಿಗ್ಗೆ ಗಾಡಿ ಬಂದಾಗ ಕೇಳಿದೆ. "ಹಸಿ ಕಸ, ಒಣ ಕಸ ಅಷ್ಟ ನಮಗ ಗೊತ್ತು ಟೀಚರ್, ಒಣದ್ರಾಗ ಹಾಕಿಬಿಡ್ರಿ" ಎಂದ ಹುಡುಗ. ಅವನ ಕೈಗೆ ಗವಸೂ ಇರಲಿಲ್ಲ. ಒಂದು ಕಚೇರಿಗೆ ಹೋದೆ; ಇನ್ನೊಂದು ಕಚೇರಿಯ ದಾರಿ ತೋರಿಸಿದರು. ಅಲ್ಲಿದ್ದವರು ಡಬ್ಬಿಯ ಫೋಟೋ ನೋಡಿ, ಮೇಡಂ, ಇದು ಹಳೇ ಕಾಲದ್ದು, ಮ್ಯೂಸಿಯಮ್ಮಿಗೆ ಕೊಡಿ ಎಂದು ನಕ್ಕರು. ಅರ್ಜಿ ಬರೆದುಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದೇನೆ.

ಸದ್ಯಕ್ಕೆ ಅದು ಹಿತ್ತಲಿನ ಶೆಡ್ಡಿನಲ್ಲಿದೆ. ದೊಡ್ಡದೊಂದು ಪ್ಲಾಸ್ಟಿಕ್ ಡ್ರಮ್ಮಿನೊಳಗಿಟ್ಟು ಮುಚ್ಚಳ ಬಿಗಿದು, ಮೇಲೆ ಕೆಂಪು ಅಕ್ಷರದಲ್ಲಿ 'ವಿಷ, ಮುಟ್ಟಬೇಡಿ' ಎಂದು ಬರೆದು ತಾರೀಖು ಹಾಕಿದ್ದೇನೆ. ಹಬ್ಬಕ್ಕೆ ಬಂದ ಅಣ್ಣ ಅದನ್ನು ನೋಡಿ, "ಇನ್ನೂ ಇಟ್ಟೀಯೇನ?" ಎಂದು ಕೇಳಿದ. ಇಟ್ಟೀನಿ ಅಂದೆ.