ಮಸ್ಕಿ ಬಂಡೆ ಮತ್ತು ಲಿಸ್ಪ್ ಕೋಡ್

ನಮ್ಮ ಮಸ್ಕಿ ಶಾಸನ ನೋಡೀರಲ್ಲ? ಅಶೋಕನ ಬಹಳ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಅಂತ ಬಿರುದು ಐತಿ, ಹೆಸರಿಲ್ಲ. ಶ್ರೀಲಂಕಾದ ತಿಸ್ಸ ರಾಜನಿಗೂ ಅದೇ ಬಿರುದು! ಯಾರಿವನು ಅಂತ ಬೇರೆ ಗ್ರಂಥ ಹುಡುಕಬೇಕಿತ್ತು. 1915ರಲ್ಲಿ ಗಣಿ ಇಂಜಿನಿಯರ್ ಬೀಡನ್‌ಗೆ ಸಿಕ್ಕ ಮಸ್ಕಿ ಬಂಡೆಯಲ್ಲಿ ಬಿರುದಿನ ಪಕ್ಕದಲ್ಲೇ ‘ಅಶೋಕ’ ಅಂತ ಇತ್ತು.

ಇಂಥದೇ ಗೊಂದಲ ಲಿಸ್ಪ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲೂ ಇತ್ತು. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಶುರು ಮಾಡಿದ್ದು. ‘ಬಿಲ್’ ಫಂಕ್ಷನ್ ಒಳಗೆ ‘ದರ’ ಅನ್ನೋ ಹೆಸರು ಐತಿ ಅನ್ಕೊಳ್ರಿ. ಎಣ್ಣೆ ಅಂಗಡಿ ದರ 5 ಇಟ್ಟು ಕರೆದ್ರೆ 5, ಮೊಬೈಲ್ ಅಂಗಡಿ 18 ಇಟ್ಟು ಕರೆದ್ರೆ 18. ಇದೇ ಡೈನಾಮಿಕ್ ಸ್ಕೋಪ್. ‘ಬಿಲ್’ ಒಂದನ್ನೇ ಎಷ್ಟು ಓದಿದ್ರೂ ದರ ಗೊತ್ತಾಗಲ್ಲ. ಕೋಡ್ ಓಡಿಸದೇ ತಪ್ಪು ಹುಡುಕೋದು ಸ್ಟ್ಯಾಟಿಕ್ ಅನಾಲಿಸಿಸ್. ಅದು ಯಾರ್‍ಯಾರು ಕರೀತಾರೆ ಅಂತ ಎಲ್ಲಾ ದಾರಿ ಬೆನ್ನತ್ತಬೇಕು. (ನಂಗೆ ಲ್ಯಾಪ್‌ಟಾಪ್ ಇಲ್ಲ, ಫೋನಲ್ಲಿ ಓದೋದೇ. ಅದಕ್ಕೇ ಈ ಸಂಕಟ ಚೆನ್ನಾಗಿ ಗೊತ್ತು.)

1975ರಲ್ಲಿ ಸಸ್‌ಮನ್, ಸ್ಟೀಲ್ ತಂದ ಸ್ಕೀಮ್‌ನಲ್ಲಿ ಹೆಸರಿನ ಅರ್ಥ ಬರೆದ ಜಾಗದಲ್ಲೇ ಗಟ್ಟಿ. ಆಮೇಲಿನ ಕಾಮನ್ ಲಿಸ್ಪ್ ಎರಡನ್ನೂ ಇಟ್ಕೊಂಡು, ಡೈನಾಮಿಕ್ ಹೆಸರನ್ನು *ದರ* ಅಂತ ನಕ್ಷತ್ರದ ನಡುವೆ ಬರೆಯೋ ರೂಢಿ ಬೆಳೆಸಿಕೊಂಡಿತು. ಕಂಪೈಲರ್‌ಗೆ ಆ ನಕ್ಷತ್ರ ಬೇಕಿಲ್ಲ. ಅದು ಓದೋರಿಗೆ.