ಎರಡನೆಯ ಭಾಷೆ ಮತ್ತು ಇಳಿವಯಸ್ಸಿನ ಮರೆವು: ಇಟ್ಟಮಡುವಿನಿಂದ ಒಂದು ಆಕ್ಷೇಪ

ಇಳಿವಯಸ್ಸಿನಲ್ಲಿ ಬುದ್ಧಿ ಮಂಕಾಗುವುದಕ್ಕೆ ದಾರಿಮಾಡುವ ಹಲವು ಅಪಾಯಾಂಶಗಳ ಬಗ್ಗೆ ವಿದ್ವಾಂಸರಲ್ಲಿ ಈಗ ಹೆಚ್ಚು ತಕರಾರಿಲ್ಲ. ಶಾಲೆ ಕಾಣದ ಬಾಲ್ಯ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ಒಂಟಿತನ ಮೊದಲಾದ 14 ಅಂಶಗಳನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ. ಭಾಷೆ ಆ ಪಟ್ಟಿಯಲ್ಲಿಲ್ಲ. ಅದನ್ನು ಸೇರಿಸಬೇಕೆನ್ನುವವರ ಬಲವಾದ ಸಾಕ್ಷ್ಯ ಬಂದಿರುವುದು ನಮ್ಮ ದಕ್ಷಿಣ ಭಾರತದಿಂದಲೇ.

ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಹೈದರಾಬಾದಿನ 648 ರೋಗಿಗಳ ದಾಖಲೆ ಪರಿಶೀಲಿಸಿದರು. ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಈ ಅಂತರ ಉಳಿದಿತ್ತು. ಅವರ ಬಳಗವೇ 2024ರಲ್ಲಿ, ಆಸ್ಪತ್ರೆಯ ರೋಗಿಗಳನ್ನು ಬಿಟ್ಟು, 60 ದಾಟಿದ 1,234 ಜನರ ಸಮುದಾಯ ಅಧ್ಯಯನ ಪ್ರಕಟಿಸಿತು. ಅಲ್ಲಿ ಒಂದೇ ಭಾಷೆಯವರಲ್ಲಿ ಶೇ. 4.9ರಷ್ಟು, ಎರಡು ಭಾಷೆಯವರಲ್ಲಿ ಶೇ. 0.4ರಷ್ಟು ಜನರಿಗೆ ಡಿಮೆನ್ಷಿಯಾ ಇತ್ತು.

ನನ್ನ ಆಕ್ಷೇಪ ಈ ಎರಡನೆಯ ಅಂತರದ ಬಗ್ಗೆ. ಅರವತ್ತೈದರ ನಂತರ ಪ್ರತಿ ಐದು ವರ್ಷಕ್ಕೆ ಡಿಮೆನ್ಷಿಯಾ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ರೋಗ ನಾಲ್ಕೂವರೆ ವರ್ಷ ಮುಂದೆ ಹೋದರೆ ಪ್ರಮಾಣ ಅರ್ಧಕ್ಕಿಳಿಯಬೇಕು. ಹನ್ನೆರಡರಲ್ಲೊಂದು ಪಾಲಿಗೆ ಇಳಿಯಲಾರದು. ಸಂಶೋಧಕರು ವಯಸ್ಸು, ಶಿಕ್ಷಣಗಳನ್ನು ಲೆಕ್ಕಕ್ಕೆ ಹಿಡಿದಿದ್ದಾರೆ, ನಿಜ. ಆದರೂ ಇಷ್ಟು ದೊಡ್ಡ ಅಂತರದ ಹೊರೆಯನ್ನು ಭಾಷೆಯೊಂದೇ ಹೊರುತ್ತದೆಂದು ನಾನು ಒಪ್ಪಲಾರೆ.

ಆ ಅಧ್ಯಯನ ನಡೆದ ಬೆಂಗಳೂರಿನ ಇಟ್ಟಮಡು ಮುಖ್ಯರಸ್ತೆಯಲ್ಲಿ ಒಂದು ಬೆಳಗ್ಗೆ ನಿಂತು ನೋಡಿ. ಸೊಪ್ಪಿನವಳ ಹತ್ತಿರ ಅರೆಬರೆ ತಮಿಳಿನಲ್ಲಿ ಚೌಕಾಸಿ ಮಾಡಿ, ಪಕ್ಕದ ಮನೆಯವರೊಡನೆ ತೆಲುಗಿನಲ್ಲಿ ನಾಲ್ಕು ಮಾತಾಡಿ ಹೋಗುವ ಅಜ್ಜಿಯನ್ನು ‘ಎಷ್ಟು ಭಾಷೆ ಬರುತ್ತಮ್ಮ?’ ಎಂದು ಕೇಳಿದರೆ ‘ಕನ್ನಡ ಒಂದೇ ಕಣಪ್ಪ’ ಎನ್ನುತ್ತಾರೆ. ಇಂಥ ಊರಿನಲ್ಲಿ ನಿಜಕ್ಕೂ ಒಂದೇ ಭಾಷೆಯಲ್ಲಿ ಉಳಿದವರು ಯಾರು? ಬಹುಶಃ ಹೊಸಿಲು ದಾಟಲು ಅವಕಾಶವೇ ಸಿಗದವರು, ಕಿವಿ ಮಂದವಾಗಿ ಮಾತುಕತೆಯಿಂದ ಹಿಂದೆ ಸರಿದವರು. ಇನ್ನೊಂದು ಸಾಧ್ಯತೆಯೂ ಇದೆ: ಕಾಯಿಲೆ ಹಿಡಿದವರು ಎಷ್ಟೋ ಸಲ ಕಲಿತ ಭಾಷೆ ಬಿಟ್ಟು ತಾಯ್ನುಡಿಗೆ ಮರಳುತ್ತಾರೆ. ಹಾಗಿದ್ದರೆ ಒಂದೇ ಭಾಷೆಯವರ ಗುಂಪಿಗೆ ಕೆಲವರನ್ನು ತಂದು ಸೇರಿಸಿದ್ದು ರೋಗವೇ ಇರಬಹುದು. ಎರಡನೆಯ ಭಾಷೆಗೆ ಕಾಪಾಡುವ ಗುಣವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಹೈದರಾಬಾದಿನ ಅನಕ್ಷರಸ್ಥರ ಫಲಿತಾಂಶವನ್ನು ತಳ್ಳಿಹಾಕುವ ಆಧಾರ ನನ್ನಲ್ಲಿಲ್ಲ. ಆ ಗುಣದ ಒಂದು ಭಾಗವಾದರೂ ದಿನನಿತ್ಯದ ಒಡನಾಟದ್ದು ಎಂಬುದಷ್ಟೇ ನನ್ನ ವಾದ, ಅದೂ ನಗರದ ಮಟ್ಟಿಗೆ.

ಇದನ್ನು ಪರೀಕ್ಷಿಸಲು ತಕ್ಕ ಜಾಗ ಕೋಲಾರ ಜಿಲ್ಲೆಯ ಶ್ರೀನಿವಾಸಪುರ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಅಲ್ಲಿನ ಹಳ್ಳಿಗರನ್ನು ವರ್ಷಗಳಿಂದ ಹಿಂಬಾಲಿಸಿ ಅಧ್ಯಯನ ನಡೆಸಿದೆ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಆಡುವ ಆ ಗಡಿಸೀಮೆಯಲ್ಲಿ ಎರಡು ಭಾಷೆ ಬರಲು ನಗರಕ್ಕೆ ಬರಬೇಕಿಲ್ಲ. ಅಲ್ಲಿ ಕೇಳಬೇಕಾದದ್ದು ಎಷ್ಟು ಭಾಷೆ ಬರುತ್ತದೆ ಎಂದಲ್ಲ. ನಲವತ್ತರ ವಯಸ್ಸಿನಲ್ಲಿ ಯಾವ ಭಾಷೆಯನ್ನು ಯಾರೊಡನೆ, ದಿನಕ್ಕೆಷ್ಟು ಹೊತ್ತು ಆಡುತ್ತಿದ್ದಿರಿ ಎಂದು, ಸಾಧ್ಯವಾದರೆ ಮನೆಮಂದಿಯನ್ನೂ ಕೂರಿಸಿಕೊಂಡು. ಜೊತೆಗೆ ಕಿವಿಯ ಪರೀಕ್ಷೆಯೂ ನಡೆಯಬೇಕು. ಅಲ್ಲಿಯವರೆಗೆ ಶೇ. 0.4 ಎಂಬ ಅಂಕಿಯನ್ನು ಭಾಷೆಯೊಂದರ ಖಾತೆಗೇ ಬರೆಯುವುದು ಅವಸರವಾಗುತ್ತದೆ.